ಕೀಲನ್ನು ಕಾಯುವ ಸ್ನಾಯುಗಳಿಗೆ ಹೊತ್ತು ಗೊತ್ತಿರಬೇಕು

ಶಾಲೆಗಳ ದೈಹಿಕ ಶಿಕ್ಷಕರು, ಕಬಡ್ಡಿ, ಕೊಕ್ಕೊ, ವಾಲಿಬಾಲ್ ತರಬೇತುದಾರರು ಮತ್ತು ಪೋಷಕರು ಸೇರಿದ್ದ ಸಭೆಯಲ್ಲಿ ಫಿಸಿಯೋಥೆರಪಿಸ್ಟ್ ಆಗಿ ನಾನು ನೀಡಿದ ಉಪನ್ಯಾಸದ ಬರಹ ರೂಪ ಇದು.

ಎಲ್ಲರಿಗೂ ನಮಸ್ಕಾರ. ತರಬೇತುದಾರರಲ್ಲಿ ಬಹಳ ಮಂದಿ ಕಣ್ಣಾರೆ ಕಂಡಿರುವ ಒಂದು ಸಂಗತಿಯಿಂದ ಮಾತು ಶುರು ಮಾಡುತ್ತೇನೆ. ಮಂಡಿಯೊಳಗಿನ ಎಸಿಎಲ್ ಎಂಬ ಲಿಗಮೆಂಟ್, ಅಂದರೆ ಮೂಳೆಗೆ ಮೂಳೆಯನ್ನು ಕಟ್ಟಿಹಿಡಿಯುವ ಪಟ್ಟಿ, ಹರಿಯಬೇಕಾದರೆ ಯಾರಾದರೂ ಬಂದು ಅಪ್ಪಳಿಸಿರಬೇಕು ಎಂದು ಜನ ತಿಳಿಯುತ್ತಾರೆ. ನಿಜ ಸ್ಥಿತಿ ಬೇರೆ. ಈ ಗಾಯಗಳಲ್ಲಿ ಹತ್ತಕ್ಕೆ ಸುಮಾರು ಏಳು ಆಗುವುದು ಯಾರೂ ಮಂಡಿಯನ್ನು ತಾಕದೇ ಇರುವಾಗ. ಕಬಡ್ಡಿಯಂಥ ಹಿಡಿದೆಳೆಯುವ ಆಟದಲ್ಲಿ ಈ ಲೆಕ್ಕ ಬೇರೆಯಾದೀತು. ಆದರೆ ವಾಲಿಬಾಲ್, ಬಾಸ್ಕೆಟ್‌ಬಾಲ್, ಫುಟ್‌ಬಾಲ್, ಹ್ಯಾಂಡ್‌ಬಾಲ್ ಯಾವುದನ್ನೇ ನೋಡಿ: ಹುಡುಗಿ ನೆಗೆದು ನೆಲಕ್ಕೆ ಇಳಿಯುತ್ತಾಳೆ, ಅಥವಾ ಹುಡುಗ ಓಡುತ್ತಿರುವಾಗ ಥಟ್ಟನೆ ದಿಕ್ಕು ಬದಲಿಸುತ್ತಾನೆ. ಮಂಡಿ ಒಳಗಡೆಗೆ ವಾಲುತ್ತದೆ, ಟಪ್ಪೆಂದು ಸದ್ದಾಗುತ್ತದೆ, ಸಂಜೆಯ ಹೊತ್ತಿಗೆ ಮಂಡಿ ಊದಿಕೊಂಡಿರುತ್ತದೆ.

ಹೀಗೆ ಬಂದ ಮಕ್ಕಳ ತೊಡೆಗಳನ್ನು ಪರೀಕ್ಷಿಸಿದಾಗ ಅವು ದುರ್ಬಲವಾಗಿದ್ದವು ಎಂದು ಹೇಳಲು ನನಗೆ ಆಗುವುದಿಲ್ಲ. ಎಷ್ಟೋ ಮಕ್ಕಳು ತಂಡದಲ್ಲೇ ಗಟ್ಟಿಗರು. ಬಲ ಇತ್ತು, ಹೊತ್ತಿಗೆ ಬರಲಿಲ್ಲ. ಇವತ್ತು ನಾನು ಹೇಳಬೇಕೆಂದಿರುವುದೆಲ್ಲ ಈ ಒಂದು ಮಾತಿನ ವಿಸ್ತಾರ.

ಮೂಳೆಗೆ ಮೂಳೆ ಕೂಡುವ ಜಾಗ ಕೀಲು. ಅದನ್ನು ಅಲ್ಲಾಡದಂತೆ ಹಿಡಿಯುವ ಕೆಲಸವನ್ನು ನಾವು ಸಾಮಾನ್ಯವಾಗಿ ಮೂಳೆಯ ಆಕಾರಕ್ಕೂ ಲಿಗಮೆಂಟ್‌ಗಳಿಗೂ ವಹಿಸಿಬಿಡುತ್ತೇವೆ. ಸ್ನಾಯು ಎಂದರೆ ಚಲನೆ, ಲಿಗಮೆಂಟ್ ಎಂದರೆ ಭದ್ರತೆ ಎಂಬ ವಿಂಗಡಣೆ ಮನಸ್ಸಿನಲ್ಲಿ ಕೂತಿದೆ. ಆದರೆ ಶವದ ಬೆನ್ನುಮೂಳೆಯಿಂದ ಸ್ನಾಯುಗಳನ್ನೆಲ್ಲ ಬಿಡಿಸಿ, ಮೂಳೆ, ಮಣಿಗಳ ನಡುವಿನ ಮೆತ್ತೆಯಂಥ ಡಿಸ್ಕ್ ಮತ್ತು ಲಿಗಮೆಂಟ್‌ಗಳನ್ನು ಮಾತ್ರ ಉಳಿಸಿ, ಮೇಲಿನಿಂದ ಭಾರ ಹೇರಿ ನೋಡಿದ ಪ್ರಯೋಗಗಳಿವೆ. ಸೊಂಟದ ಭಾಗದ ಮಣಿಗಳ ಆ ಕಂಬ ಸುಮಾರು 90 ನ್ಯೂಟನ್‌ಗೆ, ಅಂದರೆ ಒಂಬತ್ತು ಕಿಲೋದಷ್ಟು ಭಾರಕ್ಕೆ, ಬಳುಕಿ ಕುಸಿಯುತ್ತದೆ. ನಮ್ಮ ತಲೆ, ತೋಳು, ಎದೆಗೂಡುಗಳ ತೂಕವೇ ಅದರ ಹಲವು ಪಟ್ಟು. ಮೇಲೆ ಒಂದು ಕೊಡ ನೀರನ್ನೋ ಅಕ್ಕಿ ಮೂಟೆಯನ್ನೋ ಹೊರುವ ಮಾತು ದೂರವೇ ಉಳಿಯಿತು. ಬದುಕಿರುವ ಮನುಷ್ಯ ನೆಟ್ಟಗೆ ನಿಂತಿರುವುದು ಸುತ್ತಲಿನ ಸ್ನಾಯುಗಳು ಕ್ಷಣಕ್ಷಣವೂ ಎಳೆದು ಸಡಿಲಿಸಿ ಹಿಡಿದಿರುವುದರಿಂದ. ಚಪ್ಪರಕ್ಕೆ ಎತ್ತರದ ಕಂಬ ನಿಲ್ಲಿಸುವಾಗ ನಾಲ್ಕೂ ಕಡೆ ಹಗ್ಗ ಹಿಡಿದವರನ್ನು ನೆನೆಯಿರಿ. ಅವರಲ್ಲಿ ಯಾರಿಗೆ ತೋಳ್ಬಲ ಹೆಚ್ಚು ಎಂಬುದು ಅಲ್ಲಿ ಮುಖ್ಯವಾಗುವುದಿಲ್ಲ. ಕಂಬ ಯಾವ ಕಡೆ ವಾಲುತ್ತಿದೆ ಎಂದು ನೋಡಿ ಯಾರು ಯಾವಾಗ ಬಿಗಿಮಾಡಬೇಕು, ಯಾರು ಯಾವಾಗ ಸಡಿಲಬಿಡಬೇಕು ಎಂಬುದು ಮುಖ್ಯ.

1992ರಲ್ಲಿ ಯೇಲ್ ವಿಶ್ವವಿದ್ಯಾಲಯದ ಮನೋಹರ್ ಪಂಜಾಬಿ ಅವರು ಬೆನ್ನುಮೂಳೆಯ ಭದ್ರತೆಯನ್ನು ಮೂರು ವ್ಯವಸ್ಥೆಗಳಾಗಿ ವಿವರಿಸಿದರು. ಮೂಳೆ, ಡಿಸ್ಕ್ ಮತ್ತು ಲಿಗಮೆಂಟ್‌ಗಳದ್ದು ಒಂದು, ಸ್ನಾಯುಗಳದ್ದು ಇನ್ನೊಂದು, ಇವೆರಡನ್ನೂ ನಡೆಸುವ ನರಮಂಡಲದ್ದು ಮೂರನೆಯದು. ಒಂದರಲ್ಲಿ ಕೊರತೆಯಾದರೆ ಉಳಿದೆರಡು ಸ್ವಲ್ಪ ಮಟ್ಟಿಗೆ ತುಂಬಿಕೊಡುತ್ತವೆ. ಈ ವಿವರಣೆ ಬೆನ್ನಿಗಷ್ಟೇ ಅಲ್ಲದೆ ಎಲ್ಲ ಕೀಲುಗಳಿಗೂ ಒಪ್ಪುತ್ತದೆ. ನಮ್ಮ ವ್ಯಾಯಾಮಗಳಲ್ಲಿ ಎರಡನೆಯದಕ್ಕೆ ಸಿಗುವ ಗಮನದ ಕಾಲು ಭಾಗವೂ ಮೂರನೆಯದಕ್ಕೆ ಸಿಗುವುದಿಲ್ಲ ಎಂಬುದು ನನ್ನ ದೂರು.

ಶಾಲೆಯ ವಿಜ್ಞಾನ ಪಾಠದಲ್ಲಿ ತೋಳಿನ ಚಿತ್ರ ಇರುತ್ತದೆ. ತೋಳಿನ ಮುಂಭಾಗದ ಬೈಸೆಪ್ಸ್ ಕುಗ್ಗಿದರೆ ಮೊಣಕೈ ಮಡಚುತ್ತದೆ, ಆಗ ಹಿಂಭಾಗದ ಟ್ರೈಸೆಪ್ಸ್ ಸಡಿಲವಾಗುತ್ತದೆ. ಟ್ರೈಸೆಪ್ಸ್ ಕುಗ್ಗಿದರೆ ಕೈ ನೆಟ್ಟಗಾಗುತ್ತದೆ, ಆಗ ಬೈಸೆಪ್ಸ್ ಸಡಿಲವಾಗುತ್ತದೆ. ಒಂದಕ್ಕೆ ಆಜ್ಞೆ ಹೋದಾಗ ಎದುರಿನದಕ್ಕೆ ತಡೆ ಹೋಗುತ್ತದೆ ಎಂಬುದನ್ನು ಇಂಗ್ಲೆಂಡಿನ ಶರೀರಕ್ರಿಯಾ ವಿಜ್ಞಾನಿ ಚಾರ್ಲ್ಸ್ ಶೆರಿಂಗ್ಟನ್ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ವಿಶದವಾಗಿ ತೋರಿಸಿದರು. ನರಕೋಶಗಳ ಕಾರ್ಯದ ಬಗೆಗಿನ ಕೆಲಸಕ್ಕಾಗಿ 1932ರಲ್ಲಿ ಅವರಿಗೆ ನೊಬೆಲ್ ಬಹುಮಾನವೂ ಬಂತು. ಆ ಚಿತ್ರ ಸುಳ್ಳಲ್ಲ, ಅರ್ಧ ಮಾತ್ರ. ತುಂಬಿದ ಲೋಟವನ್ನು ಹಿಡಿದು ನಡೆಯುವಾಗ, ಕೆಸರಿನ ಬದುವಿನ ಮೇಲೆ ಕಾಲಿಡುವಾಗ ನರಮಂಡಲ ಆ ತಡೆಯನ್ನು ತೆಗೆದು ಎದುರುಬದುರಿನ ಎರಡೂ ಸ್ನಾಯುಗಳನ್ನು ಒಟ್ಟಿಗೆ ಬಿಗಿಗೊಳಿಸುತ್ತದೆ. ಶೆರಿಂಗ್ಟನ್‌ಗಿಂತಲೂ ಮೊದಲು, 1867ರಲ್ಲಿ, ಫ್ರಾನ್ಸಿನ ವೈದ್ಯ ದುಶೆನ್ ರೋಗಿಗಳ ಚರ್ಮದ ಮೇಲಿನಿಂದ ವಿದ್ಯುತ್ ಹಾಯಿಸಿ ಒಂದೊಂದೇ ಸ್ನಾಯುವಿನ ಕೆಲಸವನ್ನು ಬಿಡಿಸಿ ನೋಡಿದ್ದ. ಹೀಗೆ ಬಿಡಿಬಿಡಿಯಾಗಿ ನೋಡುವುದಕ್ಕೇ ಹೆಸರಾದ ಅವನು ಕಡೆಗೆ ಬರೆದದ್ದು ಏನೆಂದರೆ, ಒಂದು ಸ್ನಾಯು ಒಂಟಿಯಾಗಿ ಕೆಲಸ ಮಾಡುವುದು ನಿಸರ್ಗದಲ್ಲಿ ಇಲ್ಲವೇ ಇಲ್ಲ ಎಂದು.

ಈಗ ತೊಡೆಮೂಳೆ ಸೊಂಟಕ್ಕೆ ಕೂಡುವ ಜಾಗಕ್ಕೆ, ಅಂದರೆ ಸೊಂಟದ ಕೀಲಿಗೆ, ಬರುತ್ತೇನೆ. ನಡೆಯುವಾಗ ಪ್ರತಿ ಹೆಜ್ಜೆಯಲ್ಲೂ ಒಂದು ಕಾಲು ಗಾಳಿಯಲ್ಲಿರುತ್ತದೆ. ಬಲಗಾಲಿನ ಮೇಲೆ ನಿಂತು ಎಡಗಾಲು ಎತ್ತಿದಾಗ ಮೈಭಾರವೆಲ್ಲ ಬಲ ಸೊಂಟದ ಕೀಲಿನ ಎಡಕ್ಕೆ ಬೀಳುತ್ತದೆ. ನ್ಯಾಯವಾಗಿ ಸೊಂಟದ ಎಡಭಾಗ ಜೋತುಬೀಳಬೇಕು. ಬೀಳುವುದಿಲ್ಲ, ಏಕೆಂದರೆ ಬಲ ಪೃಷ್ಠದ ಹೊರಬದಿಯಲ್ಲಿರುವ ಗ್ಲುಟಿಯಸ್ ಮೀಡಿಯಸ್ ಮತ್ತು ಅದರಡಿಯ ಗ್ಲುಟಿಯಸ್ ಮಿನಿಮಸ್ ಎಂಬ ಸ್ನಾಯುಗಳು ಸೊಂಟದ ಮೂಳೆಯನ್ನು ಹೊರಗಿನಿಂದ ಕೆಳಕ್ಕೆ ಎಳೆದು ಹಿಡಿಯುತ್ತವೆ. ಆದರೆ ಕೀಲಿನಿಂದ ಅವುಗಳ ಅಂತರ ಕಡಿಮೆ, ಮೈಭಾರದ ಅಂತರ ಅದರ ಎರಡು ಪಟ್ಟಿಗೂ ಹೆಚ್ಚು. ಸನ್ನೆಕೋಲಿನ ಲೆಕ್ಕದಲ್ಲಿ ಆ ಸ್ನಾಯುಗಳು ಮೈತೂಕದ ಸುಮಾರು ಎರಡು ಪಟ್ಟು ಬಲದಿಂದ ಎಳೆಯಬೇಕು. ಆ ಎಳೆತವೂ ಮೈಭಾರವೂ ಸೇರಿ ಕೀಲಿನ ಮೇಲೆ ಬೀಳುತ್ತವೆ. ಬರ್ಲಿನ್ನಿನ ಸಂಶೋಧಕರು ಶಸ್ತ್ರಚಿಕಿತ್ಸೆಯಲ್ಲಿ ಕೂಡಿಸಿದ ಕೃತಕ ಕೀಲಿನೊಳಗೇ ಅಳತೆಯ ಸಾಧನವಿಟ್ಟು ನೋಡಿದಾಗ, ಸಾಧಾರಣ ನಡಿಗೆಯಲ್ಲಿ ಕೀಲಿನ ಮೇಲೆ ಮೈತೂಕದ ಸುಮಾರು 2.4 ಪಟ್ಟು ಒತ್ತಡ ಬೀಳುತ್ತಿತ್ತು. ಅರವತ್ತು ಕಿಲೋ ತೂಗುವವರಲ್ಲಿ ಅದು ನೂರ ನಲವತ್ತು ಕಿಲೋ ದಾಟುತ್ತದೆ.

ಈ ಸ್ನಾಯು ಸೋತರೆ ಏನಾಗುತ್ತದೆ ಎಂಬುದನ್ನು 1895ರಲ್ಲಿ ಜರ್ಮನಿಯ ಶಸ್ತ್ರವೈದ್ಯ ಟ್ರೆಂಡೆಲೆನ್‌ಬುರ್ಗ್ ರೋಗಿಗಳ ನಡಿಗೆಯನ್ನು ನೋಡಿಯೇ ವಿವರಿಸಿದರು. ಒಂಟಿಕಾಲಿನಲ್ಲಿ ನಿಂತಾಗ ಎತ್ತಿದ ಕಾಲಿನ ಕಡೆಗೆ ಸೊಂಟ ಇಳಿಯುತ್ತದೆ. ಬೀಳದಿರಲು ರೋಗಿ ಮೈಯನ್ನೇ ನಿಂತ ಕಾಲಿನ ಕಡೆಗೆ ತೂಗುತ್ತಾನೆ. ಪೋಲಿಯೋ ಕಂಡ ತಲೆಮಾರಿನವರಿಗೆ ಈ ನಡಿಗೆ ಪರಿಚಿತ. ಆಟದ ಮೈದಾನದಲ್ಲಿ ಇದರ ಸೌಮ್ಯ ರೂಪವನ್ನು ನೀವೇ ನೋಡಬಹುದು. ಮಗುವನ್ನು ಒಂಟಿಕಾಲಿನಲ್ಲಿ ನಿಲ್ಲಿಸಿ ನಿಧಾನವಾಗಿ ಅರ್ಧ ಕೂರಲು ಹೇಳಿ ಎದುರಿನಿಂದ ನೋಡಿ. ಸೊಂಟ ಒಂದು ಕಡೆ ಇಳಿದು, ತೊಡೆ ಒಳಕ್ಕೆ ತಿರುಗಿ, ಮಂಡಿ ಹೆಬ್ಬೆರಳನ್ನೂ ದಾಟಿ ಒಳಗೆ ಬಂದರೆ ಮಂಡಿಯ ತೊಂದರೆ ಸೊಂಟದಲ್ಲೇ ಶುರುವಾಗಿದೆ ಎಂದು ಅರ್ಥ.

ಅಜ್ಜ ಅಜ್ಜಿಯರ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬಲ ಸೊಂಟ ನೋಯುವವರು ಊರುಗೋಲನ್ನು ಬಲಗೈಯಲ್ಲಿ ಹಿಡಿಯುವುದನ್ನು ದಿನವೂ ಕಾಣುತ್ತೇವೆ. ಅದು ಎಡಗೈಯಲ್ಲಿರಬೇಕು. ಎಡಗೈ ಬಲ ಕೀಲಿನಿಂದ ಬಹಳ ದೂರದಲ್ಲಿರುವುದರಿಂದ ಕೋಲಿನ ಮೇಲೆ ಸ್ವಲ್ಪವೇ ಒತ್ತಿದರೂ ಬಲ ಪೃಷ್ಠದ ಸ್ನಾಯು ಎಳೆಯಬೇಕಾದ ಬಲ ತುಂಬ ಇಳಿಯುತ್ತದೆ, ಅದರೊಂದಿಗೆ ಕೀಲಿನ ಮೇಲಿನ ಒತ್ತಡವೂ. ಮನೆಗೆ ಹೋದ ಕೂಡಲೇ ಕೋಲು ಯಾವ ಕೈಯಲ್ಲಿದೆ ಎಂದು ದಯವಿಟ್ಟು ನೋಡಿ.

ಸೊಂಟದ ಕೀಲಿಗೆ ಆಳವಾದ ಬಟ್ಟಲಾದರೂ ಇದೆ. ಹೆಗಲಿಗೆ ಅದೂ ಇಲ್ಲ. ತೋಳಿನ ಮೂಳೆಯ ತುದಿ ದೊಡ್ಡ ಗುಂಡು, ಅದು ಕೂರುವ ಜಾಗ ಚಿಕ್ಕದು, ಬಹುಪಾಲು ಚಪ್ಪಟೆ. ಯಾವುದೇ ಕ್ಷಣದಲ್ಲಿ ಆ ಗುಂಡಿನ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಮಾತ್ರ ಅದಕ್ಕೆ ತಾಗಿರುತ್ತದೆ. ಕೈಯನ್ನು ಎಲ್ಲ ಕಡೆಗೂ ಆಡಿಸುವ ಸ್ವಾತಂತ್ರ್ಯಕ್ಕೆ ದೇಹ ತೆತ್ತ ಬೆಲೆ ಇದು. ಕೈಯನ್ನು ಪಕ್ಕಕ್ಕೆ ಎತ್ತುವ ಮುಖ್ಯ ಸ್ನಾಯು ಹೆಗಲ ಮೇಲೆ ಹೊದ್ದುಕೊಂಡಿರುವ ಡೆಲ್ಟಾಯ್ಡ್. ಕೈ ಕೆಳಗಿರುವಾಗ ಅದರ ಎಳೆತ ಹೆಚ್ಚುಕಡಿಮೆ ನೇರ ಮೇಲಕ್ಕೆ. ಅದೊಂದೇ ಕೆಲಸ ಮಾಡಿದರೆ ಕೈ ಏಳುವ ಬದಲು ಗುಂಡು ಮೇಲಕ್ಕೆ ಜಾರಿ ಹೆಗಲಿನ ಮೇಲ್ಚಾವಣಿಯ ಮೂಳೆಗೆ ತಾಗುತ್ತದೆ. ಹಾಗಾಗದಂತೆ ತಡೆಯುವವು ರೊಟೇಟರ್ ಕಫ್ ಎಂಬ ನಾಲ್ಕು ಸಣ್ಣ ಸ್ನಾಯುಗಳು: ಮುಂದಿನಿಂದ ಸಬ್‌ಸ್ಕ್ಯಾಪುಲಾರಿಸ್, ಮೇಲಿನಿಂದ ಸುಪ್ರಾಸ್ಪೈನೇಟಸ್, ಹಿಂದಿನಿಂದ ಇನ್‌ಫ್ರಾಸ್ಪೈನೇಟಸ್ ಮತ್ತು ಟೆರಿಸ್ ಮೈನರ್. ಅವು ಗುಂಡನ್ನು ಅದರ ಗೂಡಿಗೆ ಒತ್ತಿ, ಮುಂದಿನ ಮತ್ತು ಹಿಂದಿನವು ಸ್ವಲ್ಪ ಕೆಳಕ್ಕೂ ಎಳೆದು ಹಿಡಿದಿರುತ್ತವೆ. ಡೆಲ್ಟಾಯ್ಡ್‌ನ ಮೇಲೆಳೆತವೂ ಇವುಗಳ ಕೆಳಗೆಳೆತವೂ ಸೇರಿದಾಗ ಗುಂಡು ಇದ್ದಲ್ಲೇ ತಿರುಗುತ್ತದೆ, ಕೈ ಏಳುತ್ತದೆ.

ಆ ಗೂಡೂ ನಿಂತಲ್ಲಿ ನಿಲ್ಲುವುದಲ್ಲ. ಬೆನ್ನಿನ ಮೇಲಿನ ಹಲಗೆಯಂಥ ಮೂಳೆ, ವೈದ್ಯರ ಮಾತಿನಲ್ಲಿ ಸ್ಕ್ಯಾಪುಲಾ, ಅದರ ಒಂದು ಅಂಚೇ ಈ ಗೂಡು. 1944ರಲ್ಲಿ ಕ್ಯಾಲಿಫೋರ್ನಿಯಾದ ಇನ್‌ಮನ್ ಮತ್ತು ಸಂಗಡಿಗರು ತೋರಿಸಿದಂತೆ, ಕೈ ಪೂರ್ತಿ ಮೇಲೇರುವ 180 ಡಿಗ್ರಿಯಲ್ಲಿ ಸುಮಾರು 120 ಹೆಗಲಿನ ಕೀಲಿನದು, 60 ಸ್ಕ್ಯಾಪುಲಾ ತಿರುಗುವುದರಿಂದ ಬರುವುದು. ಅದನ್ನು ತಿರುಗಿಸಲು ಟ್ರಪೀಜಿಯಸ್ ಸ್ನಾಯುವಿನ ಮೇಲಿನ ಭಾಗ ಮೇಲಕ್ಕೆ, ಕೆಳಗಿನ ಭಾಗ ಕೆಳಕ್ಕೆ, ಪಕ್ಕೆಲುಬಿನ ಮೇಲಿರುವ ಸೆರೇಟಸ್ ಆಂಟೀರಿಯರ್ ಮುಂದಕ್ಕೆ ಎಳೆಯಬೇಕು. ಮೂರೂ ಬೇರೆ ಬೇರೆ ದಿಕ್ಕು, ಫಲ ಒಂದೇ ತಿರುವು. ಸೆರೇಟಸ್‌ನ ನರಕ್ಕೆ ಪೆಟ್ಟಾದವರು ಎರಡೂ ಕೈಗಳಿಂದ ಗೋಡೆಯನ್ನು ತಳ್ಳಿದರೆ ಪೆಟ್ಟಾದ ಕಡೆಯ ಸ್ಕ್ಯಾಪುಲಾ ಬೆನ್ನಿನಿಂದ ರೆಕ್ಕೆಯಂತೆ ಎದ್ದು ನಿಲ್ಲುತ್ತದೆ.

ನಲವತ್ತು ಐವತ್ತು ದಾಟಿದ ಮೇಲೆ ಸುಪ್ರಾಸ್ಪೈನೇಟಸ್‌ನ ಟೆಂಡನ್, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ, ಸವೆಯುವುದು, ಸ್ವಲ್ಪ ಹರಿಯುವುದು ಬಹಳ ಸಾಮಾನ್ಯ. ಎಷ್ಟೋ ಜನರಿಗೆ ಅದು ಗೊತ್ತೇ ಆಗುವುದಿಲ್ಲ. ಸ್ಕ್ಯಾನ್‌ನಲ್ಲಿ ಹರಿದದ್ದು ಕಂಡರೂ ತೆಂಗಿನ ಗರಿ ಎಳೆಯುತ್ತಾರೆ, ಬಟ್ಟೆ ಒಣಹಾಕುತ್ತಾರೆ. ಮುಂದಿನ ಮತ್ತು ಹಿಂದಿನ ಸ್ನಾಯುಗಳು ಸಮತೂಕದಲ್ಲಿ ಉಳಿದಿದ್ದರೆ ಮೇಲಿನದೊಂದು ಹೋದರೂ ಗುಂಡು ನಡುವೆ ನಿಲ್ಲಬಲ್ಲದು. ಆ ಸಮತೂಕವೇ ಮುರಿದವರಿಗೆ ಕೈ ಎತ್ತಲು ಹೋದರೆ ಹೆಗಲು ಮಾತ್ರ ಕಿವಿಯತ್ತ ಏರುತ್ತದೆ. ಡೆಲ್ಟಾಯ್ಡ್ ಗಟ್ಟಿಯಾಗಿಯೇ ಇರುತ್ತದೆ, ಜೊತೆಗಾರರಿಲ್ಲ. ಇಂಥವರಿಗಾಗಿ 1985ರಲ್ಲಿ ಫ್ರಾನ್ಸಿನ ಪಾಲ್ ಗ್ರಾಮೋಂ ಹೆಗಲನ್ನೇ ತಿರುವುಮುರುವು ಮಾಡಿದ ಕೃತಕ ಕೀಲನ್ನು ರೂಪಿಸಿದರು. ಗೂಡಿದ್ದಲ್ಲಿ ಗುಂಡು, ಗುಂಡಿದ್ದಲ್ಲಿ ಬಟ್ಟಲು. ಹಾಗೆ ಮಾಡಿದಾಗ ಕೀಲು ತಿರುಗುವ ಕೇಂದ್ರ ಸರಿದು, ಡೆಲ್ಟಾಯ್ಡ್ ಒಂಟಿಯಾಗಿಯೇ ಕೈಯನ್ನು ಎತ್ತಬಲ್ಲದು. ಸಣ್ಣ ಸ್ನಾಯುಗಳು ದಿನವಿಡೀ ಸದ್ದಿಲ್ಲದೆ ಮಾಡುವ ಕೆಲಸಕ್ಕೆ ಬದಲಿ ಕೊಡಲು ಕೀಲಿನ ವಿನ್ಯಾಸವನ್ನೇ ಬದಲಿಸಬೇಕಾಯಿತು. ಈ ಶಸ್ತ್ರಚಿಕಿತ್ಸೆಯ ಬಗ್ಗೆ ಮೊದಲು ಓದಿದಾಗ ರೊಟೇಟರ್ ಕಫ್ ಮೇಲೆ ನನಗೆ ಹುಟ್ಟಿದ ಗೌರವ ಇನ್ನೂ ಕಡಿಮೆಯಾಗಿಲ್ಲ.

ಇಷ್ಟು ಹೊತ್ತು ಯಾರು ಯಾರನ್ನು ಎಳೆಯುತ್ತಾರೆ ಎಂದು ಹೇಳಿದೆ. ಈಗ ಯಾವಾಗ ಎಂಬ ಪ್ರಶ್ನೆ.

1967ರಲ್ಲಿ ಸೋವಿಯತ್ ಒಕ್ಕೂಟದ ಬೆಲೆಂಕಿ, ಗುರ್‌ಫಿಂಕೆಲ್ ಮತ್ತು ಪಾಲ್ಟ್‌ಸೆವ್ ಒಂದು ಸರಳ ಪ್ರಯೋಗ ಮಾಡಿದರು. ನಿಂತಿರುವವರಿಗೆ, ಸೂಚನೆ ಸಿಕ್ಕ ಕೂಡಲೇ ಕೈಯನ್ನು ಮುಂದಕ್ಕೆ ಎತ್ತಿ ಎಂದರು. ಸ್ನಾಯುಗಳ ವಿದ್ಯುತ್ ಚಟುವಟಿಕೆಯನ್ನು ದಾಖಲಿಸಿದಾಗ ಮೊದಲು ಎಚ್ಚೆತ್ತದ್ದು ಹೆಗಲ ಸ್ನಾಯುವಾಗಿರಲಿಲ್ಲ, ತೊಡೆಯ ಹಿಂಭಾಗದ ಸ್ನಾಯುವಾಗಿತ್ತು. ಕೈ ಮುಂದೆ ಹೋದರೆ ಮೈ ಮುಂದಕ್ಕೆ ವಾಲುತ್ತದೆ. ಅದು ವಾಲುವ ಮೊದಲೇ, ಕೈ ಏಳುವುದಕ್ಕೂ ಮೊದಲೇ, ಕಾಲು ಸಿದ್ಧವಾಗಿತ್ತು. 1996ರಲ್ಲಿ ಆಸ್ಟ್ರೇಲಿಯಾದ ಹಾಡ್ಜಸ್ ಮತ್ತು ರಿಚರ್ಡ್‌ಸನ್ ಹೊಟ್ಟೆಯ ಒಳಪದರದ ಟ್ರಾನ್ಸ್‌ವರ್ಸಸ್ ಎಂಬ ಸ್ನಾಯುವಿನಲ್ಲೂ ಇದನ್ನೇ ಕಂಡರು. ಸೊಂಟನೋವು ಇಲ್ಲದವರಲ್ಲಿ ಅದು ಕೈಗಿಂತ ಮೊದಲೇ ಬಿಗಿಯಾಗುತ್ತಿತ್ತು, ಸೊಂಟನೋವಿನ ಇತಿಹಾಸ ಇದ್ದವರಲ್ಲಿ ತಡವಾಗುತ್ತಿತ್ತು.

ಎಲ್ಲರಿಗೂ ಆಗಿರುವ ಒಂದು ಅನುಭವ ಇದೆ. ಕತ್ತಲಲ್ಲಿ ಮೆಟ್ಟಿಲು ಇಳಿಯುವಾಗ ಇನ್ನೊಂದು ಮೆಟ್ಟಿಲು ಇದೆಯೆಂದು ಕಾಲಿಟ್ಟರೆ ನೆಲವೇ ಬಂದುಬಿಡುತ್ತದೆ. ಇಡೀ ಮೈ ಅದುರುತ್ತದೆ, ಹಲ್ಲು ಕಟಕ್ಕೆನ್ನುತ್ತದೆ. ಬಿದ್ದ ಎತ್ತರ ಏನೂ ಅಲ್ಲ. ಆದರೆ ಸ್ನಾಯುಗಳು ಇನ್ನೂ ಒಂದು ಕ್ಷಣ ಆಮೇಲೆ ನೆಲ ಸಿಗುತ್ತದೆ ಎಂದು ಲೆಕ್ಕ ಹಾಕಿದ್ದವು. 1971ರಲ್ಲಿ ಕೆನಡಾದ ಮೆಲ್‌ವಿಲ್ ಜೋನ್ಸ್ ಮತ್ತು ವಾಟ್ ಅಳೆದು ತೋರಿಸಿದ್ದೂ ಇದನ್ನೇ: ಹೆಜ್ಜೆ ಇಳಿಸುವಾಗ ಮೀನಖಂಡದ ಸ್ನಾಯು ಪಾದ ನೆಲ ಮುಟ್ಟುವ ಮೊದಲೇ ಬಿಗಿಯಾಗಿರುತ್ತದೆ. ನೆಲ ತಾಗಿದ ಮೇಲೆ ಯೋಚನೆಯಿಲ್ಲದೆ ತಾನಾಗಿ ಹುಟ್ಟುವ ಪ್ರತಿವರ್ತನೆ ಆ ಪೆಟ್ಟನ್ನು ತಡೆಯಲು ತಡವಾಗಿ ಬರುತ್ತದೆ.

ಮಂಡಿಯ ವಿಷಯದಲ್ಲಿ ಈ ತಡ ಎಷ್ಟು ದುಬಾರಿ ಎಂಬುದನ್ನು ನಿಧಾನವಾಗಿ ನೋಡೋಣ. ಎಸಿಎಲ್ ಹರಿದ ಘಟನೆಗಳ ವಿಡಿಯೊಗಳನ್ನು ಬೇರೆ ಬೇರೆ ಕೋನಗಳಿಂದ ಸೇರಿಸಿ ಅಳೆದ ಸಂಶೋಧಕರು, ಲಿಗಮೆಂಟ್ ಹರಿಯುವುದು ಪಾದ ನೆಲಕ್ಕೆ ತಾಗಿದ ಸುಮಾರು 40 ಮಿಲಿಸೆಕೆಂಡುಗಳಲ್ಲಿ ಎಂದು ಅಂದಾಜು ಮಾಡಿದ್ದಾರೆ. ಒಂದು ಸೆಕೆಂಡಿನ ಇಪ್ಪತ್ತೈದನೇ ಒಂದು ಭಾಗ. ಅತ್ಯಂತ ವೇಗದ ಬೆನ್ನುಹುರಿಯ ಪ್ರತಿವರ್ತನೆಯ ಸಂಕೇತ ತೊಡೆಗೆ ಬಂದು ಮುಟ್ಟುವುದಕ್ಕೇ ಸುಮಾರು 30 ಮಿಲಿಸೆಕೆಂಡು ಬೇಕು; ಆಮೇಲೆ ಸ್ನಾಯುವಿನಲ್ಲಿ ಬಲ ತುಂಬಲು ಇನ್ನೂ ಹತ್ತಾರು ಮಿಲಿಸೆಕೆಂಡು. ನೋಡಿ, ಯೋಚಿಸಿ ಪ್ರತಿಕ್ರಿಯಿಸಲು 150ರಿಂದ 200. ಮಂಡಿ ವಾಲುತ್ತಿದೆ ಎಂದು ಮಿದುಳಿಗೆ ತಿಳಿಯುವ ಹೊತ್ತಿಗೆ ಲಿಗಮೆಂಟ್ ಹರಿದಾಗಿರುತ್ತದೆ. ಆದ್ದರಿಂದ ಮಂಡಿಯನ್ನು ಕಾಯುವ ಸ್ನಾಯುಗಳು ಪಾದ ಇನ್ನೂ ಗಾಳಿಯಲ್ಲಿರುವಾಗಲೇ ಬಿಗಿಯಾಗಿರಬೇಕು.

ಯಾವ ಸ್ನಾಯುಗಳು? ತೊಡೆಯ ಮುಂಭಾಗದ ಕ್ವಾಡ್ರಿಸೆಪ್ಸ್ ಮಂಡಿಚಿಪ್ಪಿನ ಮೂಲಕ ಕೆಳಗಾಲಿನ ಮೂಳೆಯನ್ನು ಎಳೆಯುತ್ತದೆ. ಮಂಡಿ ಹೆಚ್ಚುಕಡಿಮೆ ನೆಟ್ಟಗಿರುವಾಗ ಆ ಎಳೆತದ ಓರೆ ಮುಂದಕ್ಕಿರುತ್ತದೆ, ಅಂದರೆ ಕೆಳಗಾಲನ್ನು ಮುಂದಕ್ಕೆ ಜಾರಿಸುತ್ತದೆ. ಎಸಿಎಲ್ ತಡೆಯುವುದು ಸರಿಯಾಗಿ ಆ ಜಾರುವಿಕೆಯನ್ನೇ. ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಕೆಳಗಾಲನ್ನು ಹಿಂದಕ್ಕೆ ಎಳೆಯುತ್ತದೆ, ಆದ್ದರಿಂದ ಅದು ಎಸಿಎಲ್‌ನ ಜೊತೆಗಾರ. ಆದರೆ ಮಂಡಿ ನೆಟ್ಟಗಿರುವಾಗ ಹ್ಯಾಮ್‌ಸ್ಟ್ರಿಂಗ್ ಕಾಲಿನ ಉದ್ದಕ್ಕೇ ಸಾಗುವುದರಿಂದ ಹಿಂದಕ್ಕೆ ಎಳೆಯಲು ಅದಕ್ಕೆ ಹಿಡಿತವೇ ಸಿಗುವುದಿಲ್ಲ. ಮಂಡಿ ಮಡಚಿದಷ್ಟೂ ಅದರ ಎಳೆತ ಹಿಂದಕ್ಕೆ ತಿರುಗುತ್ತದೆ, ಕ್ವಾಡ್ರಿಸೆಪ್ಸ್‌ನ ಮುಂದೆಳೆತ ಕಡಿಮೆಯಾಗುತ್ತದೆ. ಹಾಗಾಗಿ ನೆಟ್ಟನೆಯ ಕಾಲಿನಲ್ಲಿ ನೆಲಕ್ಕೆ ಇಳಿಯುವುದೆಂದರೆ ಲಿಗಮೆಂಟ್‌ನ ಎದುರಾಳಿಗೆ ಪೂರ್ತಿ ಬಲ ಕೊಟ್ಟು, ಅದರ ಗೆಳೆಯನ ಕೈ ಕಟ್ಟಿಹಾಕಿದಂತೆ. ಇದಕ್ಕೆ ಸೊಂಟದ ಕಥೆಯನ್ನೂ ಸೇರಿಸಿ: ಗ್ಲುಟಿಯಸ್ ಹೊತ್ತಿಗೆ ಬಾರದೆ ತೊಡೆ ಒಳಕ್ಕೆ ತಿರುಗಿದರೆ ಮಂಡಿ ಒಳಕ್ಕೆ ವಾಲುತ್ತದೆ. ಬಲಗೈಯಲ್ಲಿ ಸ್ಮ್ಯಾಶ್ ಹೊಡೆಯುವ ವಾಲಿಬಾಲ್ ಆಟಗಾರರಲ್ಲಿ ಬಹಳ ಮಂದಿ ಎಡಗಾಲೊಂದರ ಮೇಲೆ ಇಳಿಯುತ್ತಾರೆ. ಅವರ ಎಡ ಮಂಡಿಯ ಮೇಲೆ ನಿಮ್ಮ ಕಣ್ಣಿರಲಿ. ಒಂದೇ ಆಟವನ್ನು ಆಡುವ ಹುಡುಗರಿಗಿಂತ ಹುಡುಗಿಯರಲ್ಲಿ ಈ ಗಾಯ ಹಲವು ಪಟ್ಟು ಹೆಚ್ಚು. ಮೂಳೆಯ ಆಕಾರ, ಹಾರ್ಮೋನು ಮುಂತಾದ ಕಾರಣಗಳ ಚರ್ಚೆ ನಡೆಯುತ್ತಲೇ ಇದೆ. ನಾವು ಕೈಹಾಕಿ ಬದಲಿಸಬಹುದಾದದ್ದು ಇಳಿಯುವ ರೀತಿಯೊಂದೇ. ಹುಡುಗಿಯರಿಗೆ ನೆಗೆಯಲು ಕಲಿಸಿ, ಇಳಿಯಲು ಕಲಿಸದೆ ಬಿಡುವುದು ಅನ್ಯಾಯ ಎಂದೇ ನಾನು ಹೇಳುತ್ತೇನೆ.

ಕಲಿಸಿದರೆ ಬದಲಾಗುತ್ತದೆಯೇ? ಆಗುತ್ತದೆ. ಫುಟ್‌ಬಾಲ್ ಆಟಗಾರರಿಗಾಗಿ ಫಿಫಾ ಬೆಂಬಲದಿಂದ ರೂಪುಗೊಂಡ 11+ ಎಂಬ ಅಭ್ಯಾಸಕ್ರಮ ಇದೆ. ಸುಮಾರು ಇಪ್ಪತ್ತು ನಿಮಿಷ ಸಾಕು, ಚೆಂಡು ಬಿಟ್ಟರೆ ಬೇರೆ ಸಲಕರಣೆ ಬೇಡ. ಓಟ, ಒಂಟಿಕಾಲಿನ ಸಮತೋಲ, ನೆಗೆದು ಇಳಿಯುವುದು, ದಿಕ್ಕು ಬದಲಿಸುವುದು, ಹ್ಯಾಮ್‌ಸ್ಟ್ರಿಂಗ್‌ಗೆ ಒಂದು ಕಠಿಣ ವ್ಯಾಯಾಮ. ನಾರ್ವೆಯಲ್ಲಿ 13ರಿಂದ 17 ವರ್ಷದ ಹುಡುಗಿಯರ ನೂರಕ್ಕೂ ಹೆಚ್ಚು ಕ್ಲಬ್‌ಗಳಲ್ಲಿ ಇದನ್ನು ಪರೀಕ್ಷಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಈ ಅಭ್ಯಾಸ ಮಾಡಿದ ತಂಡಗಳಲ್ಲಿ ತೀವ್ರ ಗಾಯಗಳು ಹೆಚ್ಚುಕಡಿಮೆ ಅರ್ಧದಷ್ಟು ಇಳಿದಿದ್ದವು. ಇಪ್ಪತ್ತು ನಿಮಿಷದ ಅಭ್ಯಾಸದಿಂದ ತೊಡೆಯ ಗಾತ್ರ ಅಷ್ಟೇನೂ ಬೆಳೆಯುವುದಿಲ್ಲ. ಮುಖ್ಯವಾಗಿ ಬದಲಾಗುವುದು ಸ್ನಾಯುಗಳು ಏಳುವ ಕ್ರಮ ಮತ್ತು ಹೊತ್ತು, ಜೊತೆಗೆ ಇಳಿಯುವಾಗ ಮಂಡಿಯ ಕೋನ. ಕುರ್ಚಿಯಂಥ ಯಂತ್ರದ ಮೇಲೆ ಕೂತು ಕಾಲು ಚಾಚಿ ತೂಕ ಎತ್ತುವುದಕ್ಕೆ ಅದರದ್ದೇ ಉಪಯೋಗ ಇದೆ. ಆದರೆ ಅಲ್ಲಿ ಪಾದ ನೆಲಕ್ಕೆ ಬಡಿಯುವುದಿಲ್ಲ, ಮೈ ವಾಲುವುದಿಲ್ಲ, ಜೊತೆಗಾರ ಸ್ನಾಯುಗಳಿಗೆ ಕರೆಯೇ ಹೋಗುವುದಿಲ್ಲ. ಅಲ್ಲಿ ಬೆಳೆದ ಬಲ ತಾನಾಗಿಯೇ ಮೈದಾನಕ್ಕೆ ಬರುತ್ತದೆ ಎಂದು ನಂಬುವ ತರಬೇತುದಾರರೊಂದಿಗೆ ನನಗೆ ಗಟ್ಟಿಯಾದ ಭಿನ್ನಾಭಿಪ್ರಾಯ ಇದೆ.

ಗಾಯವಾದ ಮೇಲಿನ ಮಾತು ಸ್ವಲ್ಪ. ಸ್ನಾಯುವಿನ ಒಳಗೆ ಅದರ ಉದ್ದವನ್ನೂ ಹಿಗ್ಗುವ ವೇಗವನ್ನೂ ಅಳೆಯುವ ಸೂಕ್ಷ್ಮ ಅಂಗಗಳಿವೆ, ಟೆಂಡನ್‌ನಲ್ಲಿ ಎಳೆತವನ್ನು ಅಳೆಯುವವು ಇವೆ, ಲಿಗಮೆಂಟ್‌ನಲ್ಲೂ ನರತುದಿಗಳಿವೆ. ಇವೆಲ್ಲ ನರಮಂಡಲಕ್ಕೆ ಕಳಿಸುವ ವರದಿಗಳು ನಿಂತರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಒಂದು ಪ್ರಕರಣ ವೈದ್ಯಲೋಕದಲ್ಲಿ ಪ್ರಸಿದ್ಧ. 1971ರಲ್ಲಿ, ಒಂದು ಜ್ವರದ ನಂತರ, ಹತ್ತೊಂಬತ್ತು ವರ್ಷದ ಯುವಕನೊಬ್ಬ ಕುತ್ತಿಗೆಯಿಂದ ಕೆಳಗೆ ಸ್ಪರ್ಶವನ್ನೂ ಕೈಕಾಲು ಎಲ್ಲಿವೆ ಎಂಬ ಅರಿವನ್ನೂ ಕಳೆದುಕೊಂಡ. ಸ್ನಾಯುಗಳಿಗೆ ಆಜ್ಞೆ ಒಯ್ಯುವ ನರಗಳು ಸರಿಯಾಗಿಯೇ ಇದ್ದವು, ಆದರೂ ಅವನು ಎದ್ದು ಕೂರಲಾರದೆ ಹೋದ. ಕಣ್ಣಿನಿಂದ ಒಂದೊಂದು ಅಂಗವನ್ನೂ ನೋಡುತ್ತಾ ಮತ್ತೆ ನಡೆಯಲು ಕಲಿತ. ಆಮೇಲೂ ದೀಪ ಹೋದರೆ ಬಿದ್ದುಬಿಡುತ್ತಿದ್ದ.

ಮಂಡಿ ಊದಿಕೊಂಡಾಗ ಇದರ ಅತಿ ಸಣ್ಣ ರೂಪವೊಂದು ನಡೆಯುತ್ತದೆ. ಆರೋಗ್ಯವಂತರ ಮಂಡಿಯೊಳಗೆ ಬರೀ ಹತ್ತಾರು ಮಿಲಿಲೀಟರ್ ಉಪ್ಪುನೀರು ತುಂಬಿದರೂ, ನೋವೇ ಇಲ್ಲದಿದ್ದರೂ, ಕ್ವಾಡ್ರಿಸೆಪ್ಸ್‌ಗೆ ಹೋಗುವ ಆಜ್ಞೆ ಕುಗ್ಗುತ್ತದೆ. ಗಾಯವಾದ ವಾರದಲ್ಲೇ ತೊಡೆ ಸೊರಗುವುದಕ್ಕೆ ಇದೂ ಒಂದು ಕಾರಣ. ಮಗು ಮನಸ್ಸು ಮಾಡುತ್ತಿಲ್ಲ ಎಂದು ಬೈಯಬೇಡಿ, ಬೆನ್ನುಹುರಿ ತಡೆ ಹಾಕಿರುತ್ತದೆ. ಊತ ಇಳಿಸುವುದು ಮೊದಲ ಕೆಲಸ. ಶಸ್ತ್ರಚಿಕಿತ್ಸೆ ಹೊಸ ಲಿಗಮೆಂಟ್ ಕೊಡುತ್ತದೆ, ಸ್ನಾಯುಗಳ ಹೊತ್ತುಗಾರಿಕೆಯನ್ನು ಕೊಡುವುದಿಲ್ಲ. ಶಸ್ತ್ರಚಿಕಿತ್ಸೆಯಾಗಿ 9 ತಿಂಗಳು ತುಂಬುವ ಮೊದಲು ಆಟಕ್ಕೆ ಮರಳಿದವರಲ್ಲಿ ಮಂಡಿಗೆ ಮತ್ತೆ ಗಾಯವಾಗುವುದು ಹೆಚ್ಚೆಂದು 2016ರ ನಾರ್ವೆಯ ಅಧ್ಯಯನ ತೋರಿಸಿದೆ. ಟೂರ್ನಮೆಂಟ್ ಹತ್ತಿರ ಬಂತು ಎಂದು ಆರನೇ ತಿಂಗಳಿಗೇ ಇಳಿಸುವ ಒತ್ತಡ ನಿಮ್ಮ ಮೇಲೂ ಇರುತ್ತದೆ, ಗೊತ್ತು. ಆಗ ಮಗುವಿನ ಪರವಾಗಿ ನಿಲ್ಲಬಲ್ಲವರು ನೀವೇ.

ಇಷ್ಟೆಲ್ಲ ಕೇಳಿದ ಮೇಲೆ ಸದಾ ಎಲ್ಲ ಸ್ನಾಯುಗಳನ್ನೂ ಬಿಗಿಹಿಡಿದರೆ ಕೀಲು ಭದ್ರ ಎಂದು ಯಾರಿಗಾದರೂ ಅನಿಸಿದರೆ ಅದು ತಪ್ಪು ದಾರಿ. ಎದುರುಬದುರಿನ ಸ್ನಾಯುಗಳು ಒಟ್ಟಿಗೆ ಎಳೆದಷ್ಟೂ ಕೀಲಿನ ಮೇಲಿನ ಒತ್ತಡ ಏರುತ್ತದೆ, ಶಕ್ತಿಯೂ ವ್ಯರ್ಥವಾಗುತ್ತದೆ. ಸೈಕಲ್ ಕಲಿಯುವ ಮಗು ಮೊದಲ ದಿನ ಮೈಯೆಲ್ಲ ಸೆಟೆದುಕೊಂಡಿರುತ್ತದೆ. ಕಲಿತಂತೆ ಬಿಗಿತ ಇಳಿದು, ಬೇಕಾದಲ್ಲಿ ಬೇಕಾದಷ್ಟು ಮಾತ್ರ ಉಳಿಯುತ್ತದೆ. ಮಂಡಿ ಸವೆದ ಹಿರಿಯರು ನೋವಿಗೆ, ಬೀಳುವ ಭಯಕ್ಕೆ ಕಾಲನ್ನು ಸೆಟೆದು ನಡೆಯುತ್ತಾರೆ, ಅದರಿಂದ ಸವೆದ ಕೀಲಿನ ಮೇಲೇ ಇನ್ನಷ್ಟು ಭಾರ. 1996ರ ಆ ಸಂಶೋಧನೆಯ ನಂತರ ಸೊಂಟನೋವಿನವರಿಗೆಲ್ಲ ಹೊಟ್ಟೆಯನ್ನು ಒಳಗೆಳೆದು ಹಿಡಿಯಿರಿ ಎಂದು ಹೇಳುವ ಅಲೆ ಎದ್ದಿತು. ಆಮೇಲೆ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಬಹುಕಾಲದ ಸೊಂಟನೋವಿಗೆ ಆ ವಿಶೇಷ ವ್ಯಾಯಾಮ ಬೇರೆ ವ್ಯಾಯಾಮಗಳಿಗಿಂತ ಮೇಲು ಎಂದು ಕಾಣಲಿಲ್ಲ. ದಿನವಿಡೀ ಹೊಟ್ಟೆ ಬಿಗಿಹಿಡಿದು ಕೂರುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ನಡೆಯಿರಿ, ಬಗ್ಗಿ, ಭಾರ ಎತ್ತುವುದನ್ನು ಹಂತಹಂತವಾಗಿ ರೂಢಿಸಿಕೊಳ್ಳಿ.

ಮಾತು ಮುಗಿಸುವ ಹೊತ್ತಿಗೆ ಸರ್ಕಾರಿ ಶಾಲೆಯ ದೈಹಿಕ ಶಿಕ್ಷಕಿಯೊಬ್ಬರು ಎದ್ದು ಕೇಳಿದರು: “ಸರ್, ನನ್ನ ಹತ್ತಿರ ಒಂದು ಮಣ್ಣಿನ ಮೈದಾನ, ಅರವತ್ತು ಮಕ್ಕಳು, ನಲವತ್ತು ನಿಮಿಷದ ಪೀರಿಯಡ್. ಏನು ಮಾಡಲಿ?”

ಆಟದ ದಿನಗಳಲ್ಲಿ ಮೊದಲ ಹತ್ತು ನಿಮಿಷ ನನಗೆ ಕೊಡಿ ಮೇಡಂ ಎಂದೆ. ಮಕ್ಕಳು ಇಬ್ಬಿಬ್ಬರಾಗಿ ಎದುರುಬದುರು ನಿಲ್ಲಲಿ. ಒಬ್ಬರು ನೆಗೆದು ಎರಡೂ ಕಾಲಿನ ಮೇಲೆ ಇಳಿಯಲಿ, ಮಂಡಿ ಮಡಚಿ, ಸದ್ದಾಗದಂತೆ. ಇನ್ನೊಬ್ಬರು ಮಂಡಿ ಪಾದದ ನೇರಕ್ಕಿದೆಯೇ ಎಂದು ನೋಡಿ ಹೇಳಲಿ, ಆಮೇಲೆ ಅದಲು ಬದಲು. ಕೆಲವು ವಾರಗಳಲ್ಲಿ ಇದು ಚೆನ್ನಾಗಿ ಬಂದ ಮೇಲೆ ಒಂಟಿಕಾಲಿನಲ್ಲಿ ಇಳಿಯುವುದು, ಆಮೇಲೆ ಗಾಳಿಯಲ್ಲಿರುವಾಗ ಜೊತೆಗಾರ ಹೆಗಲನ್ನು ಮೆಲ್ಲಗೆ ತಳ್ಳುವುದು, ಆಮೇಲೆ ಚೆಂಡು ಹಿಡಿದು ಇಳಿಯುವುದು. ಆಟದಲ್ಲಿ ಮಗುವಿನ ಗಮನ ಮಂಡಿಯ ಮೇಲೆ ಇರುವುದಿಲ್ಲವಾದ್ದರಿಂದ ಚೆಂಡಿನ ಹಂತವನ್ನು ಬಿಡಬೇಡಿ. ಕೊನೆಗೆ ಹ್ಯಾಮ್‌ಸ್ಟ್ರಿಂಗ್‌ಗೆ ಒಂದು: ಒಬ್ಬರು ಮಂಡಿಯೂರಿ ನಿಲ್ಲಲಿ, ಇನ್ನೊಬ್ಬರು ಅವರ ಹಿಮ್ಮಡಿಗಳನ್ನು ಒತ್ತಿ ಹಿಡಿಯಲಿ, ಮೈಯನ್ನು ನೆಟ್ಟಗಿಟ್ಟು ಎಷ್ಟು ನಿಧಾನವಾಗಿ ಸಾಧ್ಯವೋ ಅಷ್ಟು ನಿಧಾನವಾಗಿ ಮುಂದಕ್ಕೆ ಬಾಗಿ, ಕಡೆಗೆ ಅಂಗೈಯೂರಿ ಇಳಿಯಲಿ. ಮೊದಲ ವಾರ ಮೂರು ನಾಲ್ಕು ಸಲಕ್ಕಿಂತ ಹೆಚ್ಚು ಬೇಡ, ಮರುದಿನ ತೊಡೆ ನೋಯುತ್ತದೆ. ಮಂಡಿಯ ಕೆಳಗೆ ಹಾಸಲು ಹಳೆಯ ಗೋಣಿಚೀಲ ಸಾಕು.